ಪೇಸ್‌ಮೇಕರ್ ವರ್ಷಗಟ್ಟಲೆ ಬಾಳುತ್ತದೆ, ಸಕ್ಕರೆ ಸೆನ್ಸರ್ ಎರಡೇ ವಾರಕ್ಕೆ ಮುಗಿಯುತ್ತದೆ: ಏಕೆ?

ಓದುಗರೊಬ್ಬರು ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ಅವರ ತಂದೆಗೆ ಮಧುಮೇಹ. ವೈದ್ಯರ ಸಲಹೆಯಂತೆ ತೋಳಿಗೆ ಸಕ್ಕರೆ ಅಳೆಯುವ ಸೆನ್ಸರ್ ಹಾಕಿಸಿದ್ದಾರೆ. ಹದಿನಾಲ್ಕು ದಿನ ಆಗುತ್ತಿದ್ದಂತೆ ಅದು ತಾನಾಗಿಯೇ ನಿಂತುಹೋಗುತ್ತದೆ, ಮತ್ತೆ ಸಾವಿರಾರು ರೂಪಾಯಿ ಕೊಟ್ಟು ಹೊಸದು ತರಬೇಕು. "ನಮ್ಮ ಚಿಕ್ಕಪ್ಪನ ಎದೆಯಲ್ಲಿರುವ ಪೇಸ್‌ಮೇಕರ್ ಎಂಟು ವರ್ಷದಿಂದ ತಕರಾರಿಲ್ಲದೆ ಓಡ್ತಿದೆ. ಇದು ಮಾತ್ರ ಎರಡು ವಾರಕ್ಕೆ ಮುಗಿಯುತ್ತೆ ಅಂದ್ರೆ ಕಂಪನಿಯವರ ವ್ಯಾಪಾರದ ತಂತ್ರ ಅಲ್ವಾ? ಅದನ್ನೇ ಇನ್ನೊಂದು ವಾರ ಓಡಿಸೋಕೆ ಇಂಟರ್ನೆಟ್ಟಿನಲ್ಲಿ ಉಪಾಯ ಇದೆಯಂತೆ, ಮಾಡಬಹುದಾ?" ಎಂಬುದು ಅವರ ಪ್ರಶ್ನೆ.

ಕಂಪನಿಗಳಿಗೆ ಲಾಭದ ಲೆಕ್ಕಾಚಾರ ಇರುವುದೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಈ ವ್ಯತ್ಯಾಸದ ದೊಡ್ಡ ಪಾಲು ಇರುವುದು ಬೇರೆ ಕಡೆ: ಸಾಧನದ ಮೇಲೆ ಹಚ್ಚಿರುವ, ಕೂದಲಿಗಿಂತ ತೆಳ್ಳಗಿನ ಲೇಪನದಲ್ಲಿ. ದೇಹದೊಳಗೆ ಇಡುವ ಸಾಧನ ಎಷ್ಟು ದಿನ ಬಾಳುತ್ತದೆ, ಎಷ್ಟು ದಿನ ನಿಜ ಹೇಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ. 'ಬಾಳುವುದು' ಮತ್ತು 'ನಿಜ ಹೇಳುವುದು' ಎರಡೂ ಒಂದೇ ಅಲ್ಲ ಎಂಬುದನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ.

ಶೂ ಪಾಲಿಶ್ ಡಬ್ಬಿಯ ಕಥೆ

ಮೊದಲು ಚಿಕ್ಕಪ್ಪನ ಪೇಸ್‌ಮೇಕರಿನ ವಿಷಯ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯರು ಅರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಪೇಸ್‌ಮೇಕರ್ ಇಟ್ಟರು. ಪೂರ್ತಿಯಾಗಿ ದೇಹದೊಳಗೇ ಅಳವಡಿಸಿದ ಮೊದಲ ಪೇಸ್‌ಮೇಕರ್ ಅದು. ತಯಾರಿಸಿದವರು ಇಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್. ಸರ್ಕೀಟಿಗೆ ದೇಹದ ನೀರು ತಾಗದಂತೆ ಏನಾದರೂ ಮಾಡಬೇಕಿತ್ತಲ್ಲ, ಅದಕ್ಕೆ ಅವರು ಎಪಾಕ್ಸಿ ಎಂಬ ಗಟ್ಟಿ ಅಂಟನ್ನು ಕಲಸಿ, ಸರ್ಕೀಟಿನ ಸುತ್ತ ಎರಕ ಹೊಯ್ದರು. ಎರಕಕ್ಕೆ ಅಚ್ಚಾಗಿ ಬಳಸಿದ್ದು ಖಾಲಿ ಶೂ ಪಾಲಿಶ್ ಡಬ್ಬಿ! ಮೊದಲನೆಯದು ಕೆಲವೇ ಗಂಟೆ ಓಡಿ ನಿಂತಿತು, ಕೂಡಲೇ ಇನ್ನೊಂದನ್ನು ಹಾಕಬೇಕಾಯಿತು. ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು, 2001ರಲ್ಲಿ ತಮ್ಮ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದ ಸೆನ್ನಿಂಗ್, ಯಂತ್ರ ಮಾಡಿಕೊಟ್ಟ ಎಲ್ಮ್‌ಕ್ವಿಸ್ಟ್ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿದ್ದರು.

ಎಪಾಕ್ಸಿ ನೋಡಲು ಕಲ್ಲಿನಂತಿದ್ದರೂ ನೀರಿನ ಆವಿಗೆ ಅದು ಗೋಡೆಯಲ್ಲ, ಜರಡಿ. ಎಪಾಕ್ಸಿಯಷ್ಟೇ ಅಲ್ಲ, ನಮಗೆ ತಿಳಿದಿರುವ ಎಲ್ಲ ಪ್ಲಾಸ್ಟಿಕ್, ರಬ್ಬರುಗಳ ಕಥೆಯೂ ಇದೇ. ಕೆಲವು ನಿಧಾನವಾಗಿ ಬಿಡುತ್ತವೆ, ಕೆಲವು ಬೇಗ. ನೀರಿನ ಆವಿಯನ್ನು ದಶಕಗಳ ಕಾಲ ತಡೆಯಬಲ್ಲವು ಲೋಹ, ಗಾಜು, ಪಿಂಗಾಣಿಯಂಥ ವಸ್ತುಗಳು ಮಾತ್ರ. ಹಾಗಾಗಿ 1970ರ ದಶಕದಲ್ಲಿ ಪೇಸ್‌ಮೇಕರ್‌ಗಳು ಟೈಟೇನಿಯಂ ಡಬ್ಬಿಗೆ ಬದಲಾದವು. ಡಬ್ಬಿಯ ಅಂಚನ್ನು ಬೆಸುಗೆ ಹಾಕಿ ಮುಚ್ಚುತ್ತಾರೆ, ವೈರು ಹೊರಬರುವ ಜಾಗಕ್ಕೆ ಪಿಂಗಾಣಿಯ ಬಿರಡೆ. ಒಳಗಿನ ಸರ್ಕೀಟಿಗೆ ತಾನು ದೇಹದಲ್ಲಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ.

ಚಿಕ್ಕಪ್ಪನ ಪೇಸ್‌ಮೇಕರಿನ ಅದೃಷ್ಟ ಇರುವುದು ಇಲ್ಲೇ. ಅದಕ್ಕೆ ಬೇಕಾದದ್ದು ಹೃದಯದವರೆಗೆ ಹೋಗುವ ಒಂದೆರಡು ವೈರು ಮಾತ್ರ. ಉಳಿದ ಬಾಗಿಲುಗಳನ್ನೆಲ್ಲ ಹಾಕಿಕೊಂಡು ಕೂರಬಹುದು.

ಇದೇ ಉಪಾಯವನ್ನು ಅಕ್ಕಿಕಾಳಿನಷ್ಟು ಸಣ್ಣ ಸಾಧನಕ್ಕೆ ಬಳಸಲು ಹೊರಟರೆ ಡಬ್ಬಿಯೇ ಸಾಧನಕ್ಕಿಂತ ದೊಡ್ಡದಾಗುತ್ತದೆ. ಜೊತೆಗೆ ಲೋಹದ ಡಬ್ಬಿ ರೇಡಿಯೋ ಸಂಕೇತಗಳಿಗೆ ಅಡ್ಡಿ. ಸಣ್ಣ ಸೆನ್ಸರ್‌ಗಳಿಗೆ ಡಬ್ಬಿಯ ಬದಲು ಲೇಪನ ಬೇಕಾದದ್ದು ಹೀಗೆ.

ನೀರು ಬರಲಿ, ಹನಿಯಾಗದಿರಲಿ

ಎಲ್ಲ ಪ್ಲಾಸ್ಟಿಕ್ಕೂ ಆವಿಯನ್ನು ಒಳಗೆ ಬಿಡುತ್ತದೆ ಎಂದಮೇಲೆ ಪ್ಲಾಸ್ಟಿಕ್ಕಿನ ಲೇಪನದಿಂದ ಏನು ಪ್ರಯೋಜನ? ಈ ವಿಷಯದಲ್ಲಿ ನಮಗೆ ತುಂಬ ಹಿಡಿಸಿದ ಭಾಗ ಇದು.

ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಒಂದು ಕಣ ಧೂಳು ಉಳಿದರೆ ಅದರ ಸುತ್ತ ಗುಳ್ಳೆ ಏಳುತ್ತದೆ. ಉಳಿದೆಡೆ ಗಾರ್ಡ್ ಗಾಜಿಗೆ ಕಚ್ಚಿಕೊಂಡಿರುತ್ತದೆ. ಸೆನ್ಸರಿನ ಲೇಪನದಲ್ಲೂ ಹೀಗೇ ಎಂದುಕೊಳ್ಳಿ. ದೇಹದ ನೀರು ಆವಿಯ ರೂಪದಲ್ಲಿ ಲೇಪನವನ್ನು ದಾಟಿ ಒಳಗೆ ಬಂದೇ ಬರುತ್ತದೆ. ಆದರೆ ಒಂದೊಂದಾಗಿ ಬರುವ ನೀರಿನ ಅಣುಗಳಿಂದ ತುಕ್ಕು ಹಿಡಿಯುವುದಿಲ್ಲ. ಅವು ಎಲ್ಲೋ ಒಂದು ಕಡೆ ಸೇರಿ ಹನಿಯಾಗಬೇಕು, ಆ ಹನಿಯಲ್ಲಿ ಉಪ್ಪು ಕರಗಬೇಕು, ಆಗಲೇ ಪಕ್ಕಪಕ್ಕದ ಎರಡು ತಂತಿಗಳ ನಡುವೆ ಕರೆಂಟು ಸೋರಿ ಲೋಹ ಕೊರೆಯಲು ಶುರುವಾಗುವುದು. ಹನಿಯಾಗಲು ಜಾಗ ಬೇಕು. ಲೇಪನ ಎಲ್ಲೂ ಬಿಡದೆ ಅಂಟಿಕೊಂಡಿದ್ದರೆ ಆ ಜಾಗವೇ ಇರುವುದಿಲ್ಲ.

ನೀರಿನ ಆವಿಯನ್ನು ಧಾರಾಳವಾಗಿ ಬಿಡುವ ಸಿಲಿಕೋನ್ ರಬ್ಬರು ಅದಕ್ಕೇ ಈ ಕೆಲಸದಲ್ಲಿ ಯಶಸ್ವಿಯಾಗಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಮೂತ್ರಕೋಶದ ಹಿಡಿತ ಮರಳಿ ಕೊಡಲು ಲಂಡನ್ನಿನಲ್ಲಿ ಜೈಲ್ಸ್ ಬ್ರಿಂಡ್ಲಿ ರೂಪಿಸಿದ ನರ ಪ್ರಚೋದಕ ಸಿಲಿಕೋನಿನಲ್ಲೇ ಹುದುಗಿಸಿದ ಸಾಧನ. ಸಿಲಿಕೋನು ನೀರನ್ನು ತಡೆದದ್ದರಿಂದಲ್ಲ, ಬಿಡದೆ ಕಚ್ಚಿಕೊಂಡದ್ದರಿಂದ ಅದು ಬಾಳಿತು. ಅಂದಮೇಲೆ ಲೇಪನ ಹಚ್ಚುವ ಮುಂಚಿನ ಶುಚಿತ್ವವೇ ಅರ್ಧ ಕೆಲಸ. ಬೆರಳಚ್ಚಿನಲ್ಲಿ ಉಳಿದ ಬೆವರಿನ ಉಪ್ಪು ಸಾಕು, ಅದು ಸುತ್ತಲಿನ ಆವಿಯನ್ನು ಹೀರಿ, ಹನಿ ಮಾಡಿಕೊಂಡು, ಲೇಪನವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಮಳೆಗಾಲದಲ್ಲಿ ನಮ್ಮ ಮನೆ ಗೋಡೆಯ ಪೇಂಟು ಉಬ್ಬುವುದೂ ಹೆಚ್ಚುಕಡಿಮೆ ಹೀಗೆಯೇ.

ಇನ್ನೊಂದು ಪ್ರಸಿದ್ಧ ಲೇಪನದ ಹೆಸರು ಪ್ಯಾರಿಲೀನ್. ಇದನ್ನು ಬ್ರಷ್ಷಿನಲ್ಲಿ ಬಳಿಯುವುದಿಲ್ಲ, ಅದ್ದಿ ತೆಗೆಯುವುದೂ ಇಲ್ಲ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಇದರ ಪುಡಿಯನ್ನು ಸುಮಾರು 150 ಡಿಗ್ರಿಯಲ್ಲಿ ಆವಿ ಮಾಡಿ, ಆ ಆವಿಯನ್ನು 700 ಡಿಗ್ರಿಯ ಆಸುಪಾಸಿನಲ್ಲಿ ಒಡೆಯುತ್ತಾರೆ. ಒಡೆದ ತುಣುಕುಗಳು ಕೋಣೆಯ ಉಷ್ಣತೆಯಲ್ಲೇ ಇರುವ ಸೆನ್ಸರಿನ ಮೇಲೆ ಇಬ್ಬನಿಯಂತೆ ಕೂತು, ಅಲ್ಲೇ ಒಂದಕ್ಕೊಂದು ಕೈಹಿಡಿದು ಸರಪಳಿಯಾಗುತ್ತವೆ. ಇಬ್ಬನಿ ಹೇಗೆ ಎಲೆಯ ಮೇಲೂ ಕೆಳಗೂ ಕೂರುತ್ತದೋ ಹಾಗೆ ಇದು ಸಂದುಗೊಂದುಗಳಿಗೂ ಇಳಿಯುತ್ತದೆ. ಕೆಲವೇ ಮೈಕ್ರೋಮೀಟರ್ ದಪ್ಪ ಸಾಕು (ನಮ್ಮ ತಲೆಗೂದಲು ಸುಮಾರು 70 ಮೈಕ್ರೋಮೀಟರ್). ಇದರ ದೌರ್ಬಲ್ಯವೆಂದರೆ ಮೇಲ್ಮೈಗೆ ತಾನಾಗಿ ಚೆನ್ನಾಗಿ ಅಂಟುವುದಿಲ್ಲ. ಮೊದಲು ಅಂಟಿನ ಗುಣದ ಇನ್ನೊಂದು ಪದರ ಹಾಕಿಯೇ ಇದನ್ನು ಕೂರಿಸಬೇಕು.

ಈಚಿನ ವರ್ಷಗಳ ದಾರಿ ಜೋಡಿ ಪದರದ್ದು. ಅಲ್ಯುಮಿನಿಯಂ ಆಕ್ಸೈಡನ್ನು ಒಂದೊಂದೇ ಅಣುಸಾಲಿನಂತೆ ಕಟ್ಟಿ ಅದರ ಮೇಲೆ ಪ್ಯಾರಿಲೀನ್ ಹೊದಿಸುತ್ತಾರೆ. ಆಕ್ಸೈಡಿನ ಪದರ ಆವಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ನೀರಿನಲ್ಲಿ ನೇರವಾಗಿ ನೆನೆದರೆ ನಿಧಾನವಾಗಿ ಕರಗಿಹೋಗುತ್ತದೆ. ಪ್ಯಾರಿಲೀನ್ ಅದನ್ನು ನೆನೆಯದಂತೆ ಕಾಯುತ್ತದೆ.

ಕಿಟಕಿ ತೆರೆದಿಡಲೇಬೇಕಾದ ಮನೆ

ಇಷ್ಟೆಲ್ಲ ಮಾಡಿ ಮುಚ್ಚಿದರೆ ಸೆನ್ಸರ್ ಬಾಳುತ್ತದೆ, ಸರಿ. ಆದರೆ ಅಳೆಯುವುದು ಹೇಗೆ?

ಅಳೆಯಬೇಕಾದದ್ದು ಒತ್ತಡವಾದರೆ ತೊಂದರೆಯಿಲ್ಲ. ಒತ್ತಡ ಗೋಡೆಯ ಮೂಲಕವೂ ತಿಳಿಯುತ್ತದೆ. ಹೃದಯ ದುರ್ಬಲವಾದವರ ಶ್ವಾಸಕೋಶದ ಅಪಧಮನಿಯಲ್ಲಿ ಇಡುವ ಕಾರ್ಡಿಯೋಮೆಮ್ಸ್ ಎಂಬ ಸೆನ್ಸರಿಗೆ 2014ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದರ ಉದ್ದ 15 ಮಿಲಿಮೀಟರ್, ಅಗಲ ಮೂರೂವರೆ ಮಿಲಿಮೀಟರ್. ಬ್ಯಾಟರಿ ಇಲ್ಲ. ಸಿಲಿಕಾ ಗಾಜಿನ ಮುಚ್ಚಿದ ಕೋಶ, ಹೊರಗೆ ಸಿಲಿಕೋನ್ ಲೇಪನ. ರಕ್ತದ ಒತ್ತಡಕ್ಕೆ ಕೋಶದ ತೆಳು ಗೋಡೆ ಒಂದಿಷ್ಟೇ ಬಗ್ಗುತ್ತದೆ. ಆಗ ಹೊರಗಿನಿಂದ ಕಳಿಸಿದ ರೇಡಿಯೋ ತರಂಗಕ್ಕೆ ಅದು ಮಿಡಿಯುವ ಶ್ರುತಿ ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಲೆಕ್ಕ. ಎಲ್ಲೂ ಕಿಟಕಿ ಬೇಕಿಲ್ಲ, ಹಾಗಾಗಿ ಇದನ್ನು ಇಟ್ಟಮೇಲೆ ತೆಗೆಯುವ ಮಾತೇ ಇಲ್ಲ.

ಸಕ್ಕರೆಯ ವಿಷಯ ಹೀಗಲ್ಲ. ಗ್ಲೂಕೋಸ್ ಅಣು ಖುದ್ದಾಗಿ ಒಳಗೆ ಬಂದು ಸೆನ್ಸರಿನ ಕಿಣ್ವವನ್ನು ಮುಟ್ಟಬೇಕು. ಅಂದರೆ ಲೇಪನದಲ್ಲಿ ಕಿಟಕಿ ಇರಬೇಕು, ಅದೂ ಯಾರನ್ನು ಎಷ್ಟು ಬಿಡಬೇಕೆಂದು ಬಲ್ಲ ಕಿಟಕಿ. ಓದುಗರ ತಂದೆಯ ತೋಳಿನಲ್ಲಿರುವ, ಚರ್ಮದೊಳಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿದಿರುವ ಎಳೆಯ ತುದಿಯಲ್ಲಿ ಇರುವುದು ಇಂಥದ್ದೇ ಕಿಟಕಿ.

ಅದರ ಒಂದು ಕೆಲಸ ವಿಚಿತ್ರವಾದದ್ದು: ಗ್ಲೂಕೋಸನ್ನು ಬೇಕೆಂದೇ ಕಡಿಮೆ ಬಿಡುವುದು. ಹಲವು ಸೆನ್ಸರ್‌ಗಳಲ್ಲಿ ಕಿಣ್ವ ಕೆಲಸ ಮಾಡಲು ಗ್ಲೂಕೋಸಿನ ಜೊತೆ ಆಮ್ಲಜನಕವೂ ಬೇಕು. ಆದರೆ ಚರ್ಮದಡಿಯ ದ್ರವದಲ್ಲಿ ಗ್ಲೂಕೋಸಿಗೆ ಹೋಲಿಸಿದರೆ ಆಮ್ಲಜನಕ ಬಹಳ ಕಡಿಮೆ. ಎರಡನ್ನೂ ಹಾಗೇ ಬಿಟ್ಟರೆ ಸೆನ್ಸರ್ ಅಳೆಯುವುದು ಸಕ್ಕರೆಯನ್ನಲ್ಲ, ಆಮ್ಲಜನಕದ ಕೊರತೆಯನ್ನು! ಅದಕ್ಕೇ ಗ್ಲೂಕೋಸಿಗೆ ಬಿಗಿಯಾಗಿ, ಆಮ್ಲಜನಕಕ್ಕೆ ಸಡಿಲವಾಗಿ ಇರುವ ಪೊರೆ ಹೊದಿಸುತ್ತಾರೆ. ಇನ್ನೊಂದು ಕೆಲಸ, ಸಕ್ಕರೆಯ ವೇಷದಲ್ಲಿ ಬರುವವರನ್ನು ಹೊರಗಿಡುವುದು. ಕೆಲವು ಹಳೆಯ ಮಾದರಿಗಳಲ್ಲಿ ಜ್ವರಕ್ಕೆ ನುಂಗಿದ ಪ್ಯಾರಾಸಿಟಮಾಲ್ ಎಲೆಕ್ಟ್ರೋಡಿನವರೆಗೆ ತಲುಪಿ, ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುತ್ತಿತ್ತು. ಆ ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಹೊಸ ಮಾದರಿಗಳಲ್ಲಿ ಈ ತೊಂದರೆ ಬಹಳಷ್ಟು ತಗ್ಗಿದೆ. ಆದರೂ ಪೊಟ್ಟಣದಲ್ಲಿರುವ ಕೈಪಿಡಿಯಲ್ಲಿ ಯಾವ ಔಷಧಿ, ಯಾವ ವಿಟಮಿನ್ ಎಷ್ಟು ಪ್ರಮಾಣದಲ್ಲಿ ಅಡ್ಡಿ ಎಂದು ಬರೆದಿರುವುದನ್ನು ಓದಿಕೊಳ್ಳಿ. ಕೆಲವು ಸೆನ್ಸರ್‌ಗಳಿಗೆ ವಿಟಮಿನ್ ಸಿ ಕೂಡ ತೊಡಕು.

ದೇಹ 'ತಿರಸ್ಕರಿಸುವುದು' ಎಂದರೇನು?

"ಟೈಟೇನಿಯಂ, ಸಿಲಿಕೋನು ಎಲ್ಲ ದೇಹಕ್ಕೆ ಒಗ್ಗುತ್ತವೆ, ದೇಹ ಅವನ್ನು ಗಮನಿಸುವುದೇ ಇಲ್ಲ" ಎಂಬ ಮಾತನ್ನು ಬಹಳ ಕಡೆ ಓದಿದ್ದೇವೆ. ಇದು ತಪ್ಪು. ದೇಹ ಎಲ್ಲವನ್ನೂ ಗಮನಿಸುತ್ತದೆ. ಇದಕ್ಕೆ ವಿರುದ್ಧವಾಗಿ, "ಕಸಿ ಮಾಡಿದ ಮೂತ್ರಪಿಂಡದಂತೆ ಇದನ್ನೂ ದೇಹ ತಿರಸ್ಕರಿಸುತ್ತದೆ" ಎನ್ನುವುದೂ ಸರಿಯಲ್ಲ. ಬೇರೊಬ್ಬರ ಅಂಗವನ್ನು ದೇಹ ಗುರುತಿಸಿ ದಾಳಿ ಮಾಡುವ ಬಗೆಯೇ ಬೇರೆ. ಪ್ಲಾಸ್ಟಿಕ್ಕು, ಲೋಹಗಳ ವಿಷಯದಲ್ಲಿ ನಡೆಯುವುದು ಕಾಲಿಗೆ ಚುಚ್ಚಿ ಒಳಗೇ ಉಳಿದ ಮುಳ್ಳಿಗೆ ನಡೆಯುವಂಥದ್ದು.

ಸಾಧನ ಒಳಗೆ ಹೋದ ಕ್ಷಣದಿಂದಲೇ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ಬರುತ್ತವೆ. ಆಮೇಲೆ ಮ್ಯಾಕ್ರೊಫೇಜ್ ಎಂಬ, ಸಿಕ್ಕಿದ್ದನ್ನು ನುಂಗುವ ಕೋಶಗಳು. ನುಂಗಲು ಆಗದಷ್ಟು ದೊಡ್ಡದಿದ್ದರೆ ಅವು ಹಲವು ಸೇರಿ ಒಂದೇ ದೈತ್ಯಕೋಶವಾಗಿ ಮೇಲೆ ಕವಿದು ಕೂತು, ಹೈಡ್ರೋಜನ್ ಪೆರಾಕ್ಸೈಡ್, ಆಮ್ಲಗಳನ್ನು ಸುರಿಯುತ್ತವೆ. ಅದರಿಂದಲೂ ಕರಗದಿದ್ದರೆ ದೇಹ ಕೊನೆಯ ಉಪಾಯಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಆ ವಸ್ತುವಿನ ಸುತ್ತ ನಾರಿನಂಥ, ಗಾಯದ ಕಲೆಯಂಥ ಪೊರೆ ಕಟ್ಟಿ ಬೇರೆ ಮಾಡಿಬಿಡುತ್ತದೆ. 'ನಾಶ ಮಾಡಲಾಗಲಿಲ್ಲ, ಕೋಣೆಯಲ್ಲಿ ಕೂಡಿಹಾಕೋಣ' ಎಂಬಂತೆ.

ಪೇಸ್‌ಮೇಕರಿನ ಡಬ್ಬಿಗೆ ಈ ಕೋಣೆಯಿಂದ ನಷ್ಟವಿಲ್ಲ. ಅಲುಗಾಡದೆ ಕೂರಲು ಅನುಕೂಲವೇ ಆಯಿತು. ಆದರೆ ಸಕ್ಕರೆ ಸೆನ್ಸರಿಗೆ? ಗಾಯದ ಕಲೆಯಲ್ಲಿ ರಕ್ತನಾಳಗಳು ಕಡಿಮೆ. ರಕ್ತದಲ್ಲಿ ಏರಿದ ಸಕ್ಕರೆ ಪೊರೆ ದಾಟಿ ಒಳಗೆ ಬರುವಾಗ ತಡವಾಗುತ್ತದೆ, ಕಡಿಮೆಯೂ ಆಗಬಹುದು. ಸೆನ್ಸರ್ ಸ್ವಲ್ಪವೂ ಕೆಟ್ಟಿಲ್ಲ, ಮೊಬೈಲಿನ ಪರದೆಯಲ್ಲಿ ಅಂಕಿ ಬರುತ್ತಲೇ ಇದೆ. ಆದರೆ ಅದು ಹೇಳುತ್ತಿರುವುದು ತಂದೆಯ ರಕ್ತದ ಸುದ್ದಿಯನ್ನಲ್ಲ, ತನ್ನ ಕೋಣೆಯೊಳಗಿನ ಸುದ್ದಿಯನ್ನು. ಸಾಧನ ಬಾಳುವುದು, ನಿಜ ಹೇಳುವುದು ಬೇರೆಬೇರೆ ಎಂದದ್ದು ಇದಕ್ಕೇ.

ಕೋಶಗಳು ಸುರಿಯುವ ಪೆರಾಕ್ಸೈಡು ಸಣ್ಣ ಶತ್ರುವಲ್ಲ. 1980ರ ದಶಕದಲ್ಲಿ ಪೇಸ್‌ಮೇಕರ್ ವೈರುಗಳಿಗೆ ಹೊದಿಸಿದ್ದ ಕೆಲವು ಬಗೆಯ ಪಾಲಿಯುರೆಥೇನ್ ಪ್ಲಾಸ್ಟಿಕ್ ದೇಹದೊಳಗೆ ಬಿರುಕು ಬಿಡತೊಡಗಿತು. ಪ್ರಯೋಗಾಲಯದಲ್ಲಿ ಗಟ್ಟಿಮುಟ್ಟಾಗಿದ್ದ ವಸ್ತುವದು. ಹೊರಗಿನಿಂದ ಕೋಶಗಳು ಅದನ್ನು ಆಕ್ಸಿಡೀಕರಿಸುತ್ತಿದ್ದರೆ, ಒಳಗಿನಿಂದ ವೈರಿನ ಲೋಹವೇ ಆ ಕೆಲಸಕ್ಕೆ ವೇಗ ಕೊಡುತ್ತಿತ್ತು.

ಹಾಗಾದರೆ ದೇಹದೊಡನೆ ರಾಜಿ ಮಾಡಿಕೊಳ್ಳುವ ಲೇಪನ ಇಲ್ಲವೇ? ಪ್ರಯತ್ನಗಳಿವೆ. ಎವರ್‌ಸೆನ್ಸ್ ಎಂಬ ಸಕ್ಕರೆ ಸೆನ್ಸರನ್ನು ತೋಳಿನ ಚರ್ಮದಡಿ ಪೂರ್ತಿಯಾಗಿ ಹುದುಗಿಸುತ್ತಾರೆ. ಇದರಲ್ಲಿ ಕಿಣ್ವವಿಲ್ಲ. ಗ್ಲೂಕೋಸ್ ತಾಗಿದರೆ ಹೊಳಪು ಬದಲಾಗುವ ಜೆಲ್ ಇದೆ. ಆ ಜೆಲ್ಲನ್ನು ಪೆರಾಕ್ಸೈಡು ಹಾಳುಮಾಡುತ್ತದೆ ಎಂದು ತಿಳಿದಾಗ ತಯಾರಕರು ಅದರ ಮೇಲೆ ಪ್ಲಾಟಿನಂನ ತೆಳುವಾದ ಪದರ ಹಾಕಿದರು. ಪ್ಲಾಟಿನಂ ಮುಟ್ಟಿದ ಪೆರಾಕ್ಸೈಡ್ ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ. ಜೊತೆಗೆ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಔಷಧಿಯನ್ನು ಸ್ವಲ್ಪಸ್ವಲ್ಪವೇ ಬಿಡುವ ಸಿಲಿಕೋನ್ ಉಂಗುರ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಾಗ ಇದರ ಅವಧಿ 90 ದಿನ. 2022ರಲ್ಲಿ 180 ದಿನವಾಯಿತು, 2024ರಲ್ಲಿ ಒಂದು ವರ್ಷದ ಮಾದರಿ ಬಂತು.

ಇದಕ್ಕಿಂತ ಮುಂದಿನದು ಪ್ರೋಟೀನು ಅಂಟಲು ಅವಕಾಶವನ್ನೇ ಕೊಡದ ಲೇಪನ. ಧನ, ಋಣ ವಿದ್ಯುದಂಶಗಳನ್ನು ಸಮನಾಗಿ ಹೊತ್ತು, ನೀರನ್ನು ಮೈತುಂಬ ಹಿಡಿದುಕೊಳ್ಳುವ ಒಂದು ಬಗೆಯ ಜೆಲ್ಲನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇಟ್ಟು ನೋಡಿ 2013ರಲ್ಲಿ ಪ್ರಕಟಿಸಿದರು. ಮೂರು ತಿಂಗಳಾದರೂ ಅದರ ಸುತ್ತ ಕಲೆಯ ಪೊರೆ ಕಟ್ಟಲಿಲ್ಲ. ಇಲಿಯ ಮೂರು ತಿಂಗಳು ಮನುಷ್ಯನ ಹತ್ತು ವರ್ಷವಲ್ಲ, ಅದು ಬೇರೆ ಮಾತು.

ಹತ್ತು ವರ್ಷವನ್ನು ಒಂದೇ ವರ್ಷದಲ್ಲಿ ನೋಡುವುದು

ಹೊಸ ಲೇಪನ ಹತ್ತು ವರ್ಷ ಬಾಳುತ್ತದೆ ಎಂದು ಹೇಳಲು ಯಾರೂ ಹತ್ತು ವರ್ಷ ಕಾಯುವುದಿಲ್ಲ. ಉಪ್ಪುನೀರಿನಲ್ಲಿ ಮುಳುಗಿಸಿ ಬಿಸಿ ಮಾಡುತ್ತಾರೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ರಾಸಾಯನಿಕ ಕ್ರಿಯೆಯ ವೇಗ ಇಮ್ಮಡಿಯಾಗುತ್ತದೆ ಎಂಬುದು ರೂಢಿಯ ಲೆಕ್ಕ. ದೇಹದ 37 ಡಿಗ್ರಿಯ ಬದಲು 67 ಡಿಗ್ರಿಯಲ್ಲಿ ಇಟ್ಟರೆ ಎಂಟು ಪಟ್ಟು. ಒಂದೂಕಾಲು ವರ್ಷ ತಡೆದರೆ ಹತ್ತು ವರ್ಷ ತಡೆದಂತೆ. ಸಿಲಿಕಾನಿನ ಮೇಲೆ ಬೆಳೆಸಿದ, ಒಂದು ಮೈಕ್ರೋಮೀಟರಿಗೂ ಮೀರದ ಆಕ್ಸೈಡ್ ಪದರ ಸುಮಾರು 70 ವರ್ಷ ತಡೆಯಬಹುದೆಂದು ಅಮೆರಿಕದ ಸಂಶೋಧಕರು 2016ರಲ್ಲಿ ಅಂದಾಜಿಸಿದ್ದು ಇಂಥ ಪರೀಕ್ಷೆಗಳಿಂದಲೇ. ಸುದ್ದಿಗಳಲ್ಲಿ ಬರುವ '50 ವರ್ಷ ಬಾಳುವ ಇಂಪ್ಲಾಂಟ್' ಎಂಬಂಥ ಮಾತುಗಳನ್ನು ಓದುವಾಗ ಇದು ಲೆಕ್ಕ ಹಾಕಿದ ಆಯಸ್ಸು, ಬಾಳಿ ತೋರಿಸಿದ ಆಯಸ್ಸಲ್ಲ ಎಂಬುದು ಗಮನದಲ್ಲಿರಲಿ. ಬಿಸಿ ಉಪ್ಪುನೀರಿನಲ್ಲಿ ಮ್ಯಾಕ್ರೊಫೇಜ್‌ಗಳಿಲ್ಲ. ಈಗೀಗ ಆ ನೀರಿಗೆ ಪೆರಾಕ್ಸೈಡನ್ನೂ ಸೇರಿಸಿ ಪರೀಕ್ಷಿಸುವವರಿದ್ದಾರೆ. ಅದು ದೇಹಕ್ಕೆ ಇನ್ನಷ್ಟು ಹತ್ತಿರದ ಪರೀಕ್ಷೆ.

'ಜೈವಿಕ ಹೊಂದಾಣಿಕೆಯುಳ್ಳದ್ದು' ಎಂಬ ಮುದ್ರೆಗೂ ಅವಧಿಯಿದೆ. ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡ ಸಾಧನಗಳನ್ನು ಅವು ದೇಹದ ಸಂಪರ್ಕದಲ್ಲಿರುವ ಕಾಲದ ಮೇಲೆ ಮೂರಾಗಿ ವಿಂಗಡಿಸುತ್ತದೆ: 24 ಗಂಟೆಯವರೆಗೆ, 24 ಗಂಟೆಯಿಂದ 30 ದಿನ, 30 ದಿನಕ್ಕಿಂತ ಹೆಚ್ಚು. ಹೆಚ್ಚು ಕಾಲ ಇದ್ದಷ್ಟೂ ಪರೀಕ್ಷೆಗಳೂ ಹೆಚ್ಚು. ಒಂದೇ ಪ್ಲಾಸ್ಟಿಕ್ಕು ಒಂದು ಕೆಲಸಕ್ಕೆ, ಒಂದು ಅವಧಿಗೆ ಸುರಕ್ಷಿತ ಎನ್ನಿಸಿಕೊಂಡರೆ ಎಲ್ಲದಕ್ಕೂ ಸುರಕ್ಷಿತ ಎಂದಾಗುವುದಿಲ್ಲ. 

ಹಾಗಾಗಿ ನಮ್ಮ ಓದುಗರಿಗೆ ಉತ್ತರ: ಹದಿನಾಲ್ಕು ಎಂಬ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, ಬರಿಯ ವ್ಯಾಪಾರದ್ದೂ ಅಲ್ಲ. ಕಿಣ್ವ ಸೊರಗುವುದು, ಕಿಟಕಿಯ ಪೊರೆಗೆ ಕೊಳೆ ಕಟ್ಟುವುದು, ಸುತ್ತ ಕಲೆ ಬೆಳೆಯುವುದು, ಚರ್ಮದ ಮೇಲಿನ ಅಂಟು ಬಿಡುವುದು, ತೆರೆದ ಗಾಯದಲ್ಲಿ ಸೋಂಕಿನ ಭಯ ಇವೆಲ್ಲ ಸೇರಿ, ಇಷ್ಟು ದಿನ ಅಂಕಿ ನಂಬಬಹುದು ಎಂದು ಪರೀಕ್ಷಿಸಿ ತೋರಿಸಿದ ಅವಧಿಯದು. ಈಗ 15 ದಿನದ ಮಾದರಿಗಳೂ ಬಂದಿವೆ. ಹದಿನೈದನೇ ದಿನ ಸೆನ್ಸರ್ ಒಮ್ಮೆಲೇ ಸುಳ್ಳಾಗುತ್ತದೆ ಎಂದಲ್ಲ. ಆದರೆ ಉಪಾಯ ಮಾಡಿ ಮುಂದೆ ಓಡಿಸಿದಾಗ ಅದು ಯಾವ ದಿನದಿಂದ ತಪ್ಪು ಹೇಳತೊಡಗಿತು ಎಂದು ನಿಮಗೆ ತಿಳಿಸುವವರು ಯಾರೂ ಇರುವುದಿಲ್ಲ. ತಂದೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾಡಲೇಬೇಡಿ. ಖರ್ಚು ಭಾರವಾಗುತ್ತಿದ್ದರೆ ಸೆನ್ಸರನ್ನು ಸತತವಾಗಿ ಹಾಕದೆ, ಔಷಧಿ ಬದಲಾದಾಗ ಅಥವಾ ಸಕ್ಕರೆ ಏರುಪೇರಾದಾಗ ಮಾತ್ರ ಹಾಕಿ, ಉಳಿದ ದಿನ ಗ್ಲೂಕೋಮೀಟರ್ ಬಳಸಬಹುದೇ ಎಂದು ವೈದ್ಯರನ್ನು ಕೇಳಿ. ಸೆನ್ಸರ್ ಇರುವಾಗಲೂ ತೋರಿಸುವ ಅಂಕಿಗೂ ತಂದೆಯವರ ಮೈಯ ಸ್ಥಿತಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಿ. ಒಂದು ವರ್ಷ ಬಾಳುವ ಎವರ್‌ಸೆನ್ಸ್ ಕೂಡ ವಾರಕ್ಕೊಮ್ಮೆ ಬೆರಳಿನಿಂದ ಒಂದು ಹನಿ ರಕ್ತ ಕೇಳಿ, ತನ್ನ ಲೆಕ್ಕ ಸರಿಪಡಿಸಿಕೊಳ್ಳುತ್ತದೆ.